ಕುಸುಬಿ ಎಣ್ಣೆಯ ಕುಂಕುಮ

ಮುದ್ದೇಬಿಹಾಳದಿಂದ ತಾಳಿಕೋಟೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಎನ್ನುವ ಜಾಗದಲ್ಲಿ ಮುಕ್ತಾರನ ವಾಶಿಂಗ್ ಸೆಂಟರ್ ಇದೆ. ಅಲ್ಲಿಗೆ ಕಾರು ತೊಳೆಸಲು ಬಂದವರು ಮೊದಮೊದಲು ಯಂಕಪ್ಪನನ್ನು ಕಂಡು ಗಾಬರಿಯಾಗುತ್ತಿದ್ದರು. ತೊಳೆದು ಒರೆಸಿ ಫಳಫಳ ಹೊಳೆಯುವ ಕಾರಿನ ಹತ್ತಿರ ಈ ಮನುಷ್ಯ ಬಂದು, ಕಿಸೆಯಿಂದ ಕಿರಾಣಿ ಅಂಗಡಿಯ ತೆಳು ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ಬಾನೆಟ್ಟನ್ನು ಸವರುತ್ತಿದ್ದ. ಗಬ್ಬದ ಎಮ್ಮೆಯನ್ನು ನೋಡುವ ದನದ ಡಾಕ್ಟರರ ಗಾಂಭೀರ್ಯ ಮುಖದ ಮೇಲೆ. ಸವರಿ ಸವರಿ, ಕೊನೆಗೆ ಕಣ್ಣು ಬಿಟ್ಟು, "ಗಾಡಿ ಇನ್ನಾ ಹೊಲಸ ಐತ್ರಿ ಸಾಹೇಬ್ರ" ಎನ್ನುತ್ತಿದ್ದ.

ಈಗಷ್ಟೇ ತೊಳೆದ ಕಾರನ್ನು ಹೊಲಸು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆಗ ಯಂಕಪ್ಪ ವಾದಕ್ಕೆ ನಿಲ್ಲದೆ ಚೀಲವನ್ನು ಅವರ ಕೈಗೇ ತೊಡಿಸುತ್ತಿದ್ದ. ಬರಿಗೈಗೆ ತಿಳಿಯದ್ದು ಚೀಲ ತೊಟ್ಟ ಕೈಗೆ ತಿಳಿಯುತ್ತದೆ. ಕನ್ನಡಿಯಂಥ ಬಣ್ಣದ ಮೇಲೆ ಸಣ್ಣ ರವೆ ಚೆಲ್ಲಿದ ಹಾಗೆ ತರಿತರಿ. ಕಲ್ಲಿನ ಕ್ವಾರಿಯ ಪುಡಿ, ಡಾಂಬರಿನ ಚುಕ್ಕಿ, ಲಾರಿಗಳ ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಬೇವಿನ ಮರದಿಂದ ಸೋರಿದ ಅಂಟು. ಸಾಬೂನಿನ ನೀರಿಗೆ ಜಗ್ಗುವ ಪೈಕಿ ಅಲ್ಲ ಅವು. ಅವುಗಳ ಮೇಲೆಯೇ ವ್ಯಾಕ್ಸ್ ಬಳಿಯುವುದೆಂದರೆ ಮುಖ ತೊಳೆಯದೆ ಪೌಡರ್ ಬಡಿದುಕೊಂಡು ಲಗ್ನಕ್ಕೆ ಹೊರಟ ಹಾಗೆ.

ಅದನ್ನು ಕೀಳುವುದಕ್ಕೆಂದೇ ಒಂದು ಮಣ್ಣು ಇದೆ. ಮುಕ್ತಾರ ಅದಕ್ಕೆ ಕ್ಲೇ ಎನ್ನುತ್ತಾನೆ, ಸೊಲ್ಲಾಪುರದಿಂದ ತರಿಸುತ್ತಾನೆ. ನೀಲಿ ಬಣ್ಣದ, ಸಾಬೂನಿನ ತುಂಡಿನಷ್ಟು ದೊಡ್ಡ ಮೆತ್ತನೆಯ ಮುದ್ದೆ. ಅದನ್ನು ನಾದಿ ಚಪ್ಪಟೆ ಮಾಡಿ, ಸಾಬೂನಿನ ನೀರು ಚಿಮುಕಿಸಿದ ಬಣ್ಣದ ಮೇಲೆ ಹಗುರಾಗಿ ಜಾರಿಸಬೇಕು. ಮೊದಮೊದಲು ಕರಕರ ಎನ್ನುತ್ತದೆ. ಜಾರಿಸುತ್ತ ಹೋದಂತೆ ಸದ್ದು ಅಡಗುತ್ತದೆ. ಸದ್ದು ಅಡಗಿತೋ, ಅಷ್ಟು ಜಾಗ ಚೊಕ್ಕಟ. ತಿರುಗಿಸಿ ನೋಡಿದರೆ ಕಿತ್ತ ಕೊಳೆಯೆಲ್ಲ ಮಣ್ಣಿನ ಮುಖಕ್ಕೆ ಅಂಟಿರುತ್ತದೆ. ಅದನ್ನು ಒಳಕ್ಕೆ ಮಡಚಿ, ಹೊಸ ಮುಖ ಹೊರಗೆ ತಂದು ಮತ್ತೆ ಶುರು ಮಾಡಬೇಕು. ಒತ್ತುವ ಹಾಗಿಲ್ಲ, ಅವಸರ ಮಾಡುವ ಹಾಗಿಲ್ಲ. ಯಂಕಪ್ಪನಿಗೆ ಈ ಕೆಲಸ ಬೇಗ ಒಗ್ಗಿತು. ಅವನ ಬದುಕಿನಲ್ಲಿ ಅವಸರ ಎಂಬುದು ಆಗಲೇ ಮುಗಿದಿತ್ತು.

ಮೊದಲು ಹಾಗಿರಲಿಲ್ಲ. ಮುದ್ದೇಬಿಹಾಳ-ತಾಳಿಕೋಟೆ ಲೈನಿನ ಕ್ರೂಸರ್ ಡ್ರೈವರ್ ಎಂದರೆ ಸುಮ್ಮನಾಯಿತೇ? ಹಿಂದಿನ ಗಾಡಿ ಮುಂದೆ ಹೋಗಬಾರದು, ಮುಂದಿನ ಗಾಡಿ ಜನ ತುಂಬಿಕೊಳ್ಳಬಾರದು. ಯಂಕಪ್ಪನ ಬಿಳಿ ಕ್ರೂಸರಿನಲ್ಲಿ ಒಳಗೆ ಎಷ್ಟು ಜನವೋ ಹೊರಗೂ ಅಷ್ಟೇ ಜನ. ಹಿಂದಿನ ಏಣಿಗೆ ಜೋತವರು, ಟಾಪಿನ ಮೇಲೆ ಬಸುರಿಯ ಕುಬಸಕ್ಕೆ ಒಯ್ಯುವ ಬುತ್ತಿಯ ಬುಟ್ಟಿ ಹಿಡಿದು ಕೂತವರು, ಡ್ರೈವರನ ಬಲಮಗ್ಗುಲಿಗೆ ಅರ್ಧ ಕುಂಡಿ ಊರಿ ಕೂತು ಅವನಿಗೇ ಗಾಡಿ ಹೊಡೆಯುವುದನ್ನು ಕಲಿಸುವವರು. ಯಾವ ಮುದುಕಿ ಎಲ್ಲಿ ಇಳಿಯುತ್ತಾಳೆ, ಯಾವ ಮಾಸ್ತರರ ಕೊಡೆ ಸೀಟಿನ ಕೆಳಗೆ ಉಳಿದಿದೆ, ಎಲ್ಲ ಯಂಕಪ್ಪನಿಗೆ ಬಾಯಿಪಾಠ. ಕೈ ಮಾಡಿದಲ್ಲಿ ಗಾಡಿ ನಿಲ್ಲುತ್ತಿತ್ತು. ಕೈ ಮಾಡಲು ಮರೆತು ಹರಟೆ ಹೊಡೆಯುತ್ತ ನಿಂತವರನ್ನು ಅವನೇ ಕರೆದು ಹತ್ತಿಸಿಕೊಳ್ಳುತ್ತಿದ್ದ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ, ಆ ಇಕ್ಕಟ್ಟಿನ ಸುಖ ಅವರಿಗೇನು ಗೊತ್ತು.

ಆ ಗಾಡಿಗೆ ಇಬ್ಬರು ಮಾಲಕರು. ಓಡಿಸುವವನು ಯಂಕಪ್ಪ, ಹುಕುಂ ಮಾಡುವವಳು ಅವನ ಹೆಂಡತಿ ಸಾವಂತ್ರವ್ವ. ಅಮಾವಾಸ್ಯೆ ಬಂತೆಂದರೆ ಅವಳು ನಸುಕಿನಲ್ಲೇ ಎದ್ದು, ಮೈ ತೊಳೆದುಕೊಂಡು, ದೇವರ ಜಗಲಿಗಿಂತ ಮೊದಲು ಗಾಡಿಯ ಮುಂದೆ ಬಂದು ನಿಲ್ಲುತ್ತಿದ್ದಳು. ಬಾನೆಟ್ಟಿನ ನಟ್ಟನಡುವೆ ಮೂರು ಬೆರಳಿನಿಂದ ವಿಭೂತಿ ಎಳೆದು, ಅದರ ನಡುವೆ ಉಂಗುರ ಬೆರಳಿನಿಂದ ಕುಂಕುಮ. ಗಾಡಿ ಬಂದ ಮೊದಲ ಅಮಾವಾಸ್ಯೆಯಂದು ಯಂಕಪ್ಪ ತಾಳಿಕೋಟೆಗೆ ಹೋಗಿ ಮರಳುವಷ್ಟರಲ್ಲಿ ಕುಂಕುಮ ಗಾಳಿಗೆ ಹಾರಿಹೋಗಿತ್ತು. ಸಾವಂತ್ರವ್ವ ಬಾಗಿಲಲ್ಲೇ ಗಂಡನನ್ನು ತಡೆದಳು.

"ಏನ್ರಿ, ಅಮಾಸಿ ದಿನಾನ ಬೋಳ ಹಣಿಲೆ ಕರಕೊಂಡ ಬಂದೀರಲ್ಲ!"

"ಯಾರನ್ನ ಬೇ?"

"ಗಾಡೀನ್ರಿ. ಮತ್ತ್ಯಾರನ್ನ?"

ಮುಂದಿನ ಅಮಾವಾಸ್ಯೆಯಿಂದ ಅವಳು ಕುಂಕುಮವನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ಹಚ್ಚತೊಡಗಿದಳು. ಈ ಸೀಮೆಯ ಹಳಬರಿಗೆ ಕುಸುಬಿ ಎಣ್ಣೆಯ ಗುಣ ಗೊತ್ತು. ಬಿಸಿಲಿಗೆ ಒಣಗಿತೆಂದರೆ ವಾರ್ನಿಶ್ ಬಳಿದ ಹಾಗೆ ಕೂತುಬಿಡುತ್ತದೆ. ಗಾಳಿ ಏನು, ಮಳೆಗೂ ಅದು ಜಗ್ಗಲಿಲ್ಲ. ಒಂದು ಅಮಾವಾಸ್ಯೆಯ ಕುಂಕುಮದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಹೀಗೆ ವರ್ಷಗಟ್ಟಲೆ ಬಿಳಿ ಗಾಡಿಯ ಹಣೆಯ ಮೇಲೆ ಸಾವಂತ್ರವ್ವನ ಬೆರಳು ಊರಿದ ಜಾಗ ಕೆಂಪಗೆ ಉಳಿಯಿತು.

ಮಣ್ಣೆತ್ತಿನ ಅಮಾವಾಸ್ಯೆ ಬಂದರಂತೂ ಅವಳ ಹುಕುಂ ಇನ್ನೂ ಜೋರು. ಪೇಟೆಯಲ್ಲಿ ಕುಂಬಾರರು ಮಾಡಿದ ಎತ್ತು ಬೇಕಾದಷ್ಟು ಸಿಗುತ್ತವೆ. ಆದರೆ ಅವಳ ತವರು ತಾಳಿಕೋಟೆ ಕಡೆಯ ಡೋಣಿ ಹೊಳೆಯ ದಂಡೆಯದು. ಆ ದಂಡೆಯ ಎರೆಮಣ್ಣೇ ಬೇಕು, ಅವಳ ಕೈಯಿಂದಲೇ ಎತ್ತು ಆಗಬೇಕು. ಯಂಕಪ್ಪ ತಾಳಿಕೋಟೆಯಿಂದ ಬರುವಾಗ ಒದ್ದೆ ಗೋಣಿಯಲ್ಲಿ ಮಣ್ಣು ಸುತ್ತಿ ತರುತ್ತಿದ್ದ. ಪ್ಯಾಸೆಂಜರ್ ಜನ, "ಏನಪಾ ಯಂಕಪ್ಪ, ಮಣ್ಣಿಗೂ ಸೀಟ ಕೊಟ್ಟಿಯೇನು?" ಎಂದು ನಗುತ್ತಿದ್ದರು. ಸಾವಂತ್ರವ್ವ ಜೋಳದ ಕಾಳಿನ ಕಣ್ಣಿಟ್ಟು ಎತ್ತು ಮಾಡುತ್ತಿದ್ದಳು. ಒಂದು ಜೋಡಿ ಜಗಲಿಗೆ, ಒಂದು ಪುಟ್ಟ ಜೋಡಿ ಗಾಡಿಯ ಡ್ಯಾಶ್‌ಬೋರ್ಡಿಗೆ. ಮಗಳು ಸಾಕ್ಷಿ ಪಕ್ಕದಲ್ಲಿ ಕೂತು ಕೋಡು ತಿರುವುತ್ತಿದ್ದಳು. ಅವಳು ಮಾಡಿದ ಕೋಡು ಯಾವಾಗಲೂ ಒಂದು ಮೇಲೆ, ಒಂದು ಕೆಳಗೆ.

ಇಂಥ ಸಾವಂತ್ರವ್ವ ಕಾಮಾಲೆಗೆ ತುತ್ತಾದಳು. ಎಳ್ಳಮಾವಾಸ್ಯೆಯ ದಿನ ಗೋಡೆ ಹಿಡಿದು ಹಿಡಿದು ಹೊರಗೆ ಬಂದಳು. ಯಂಕಪ್ಪ ಬೇಡ ಎಂದರೂ ಕೇಳದೆ ಗಾಡಿಗೆ ಕುಂಕುಮ ಹಚ್ಚಿ, ಬಾನೆಟ್ಟಿಗೆ ಒರಗಿ ಸುಧಾರಿಸಿಕೊಂಡು ಒಳಗೆ ಹೋದಳು. ಮುಂದಿನ ಅಮಾವಾಸ್ಯೆಗೆ ಅವಳಿರಲಿಲ್ಲ.

ಆಮೇಲೆ ಯಂಕಪ್ಪನಿಗೆ ಲೈನ್ ಹೊಡೆಯುವ ಉಮೇದು ಹೋಯಿತು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕ್ರೂಸರಿಗೆ ಕೈ ಮಾಡುವವರೂ ಕಡಿಮೆಯಾದರು. ಗಾಡಿ ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿತು. ಕೊಳ್ಳುತ್ತೇವೆ ಎಂದು ಬಂದವರಿಗೆ ಅವನು ಚಹ ಕುಡಿಸಿ ಕಳಿಸಿದ. ಅದೇ ಹೊತ್ತಿಗೆ ಮುಕ್ತಾರ, "ಸುಮ್ನ ಮನ್ಯಾಗ ಯಾಕ ಕುಂದ್ರತಿ ಕಾಕಾ? ನಿನ್ನ ಕೈ ಹಗುರ ಐತಿ, ನನ್ನ ಹಂತೇಕ ಬಾ" ಎಂದು ಕರೆದ.

ಹಗುರ ಕೈಯ ಕಾಕಾ ಮೊದಲ ತಿಂಗಳಲ್ಲೇ ಒಂದು ಘನಂದಾರಿ ಕೆಲಸ ಮಾಡಿದ. ಕಾಂಟ್ರಾಕ್ಟರ್ ಸಂಗಣ್ಣನವರ ಹೊಚ್ಚ ಹೊಸ ಕರಿ ಕಾರು. ಯಂಕಪ್ಪ ಮಣ್ಣು ಜಾರಿಸುತ್ತಿರುವಾಗ ಅದು ಕೈಜಾರಿ ಮುರುಮಿನ ನೆಲಕ್ಕೆ ಬಿತ್ತು. ನಮ್ಮ ಕಡೆ ಅನ್ನ ಕೊಡುವ ವಸ್ತು ಕೆಳಗೆ ಬಿದ್ದರೆ ಏನು ಮಾಡುತ್ತಾರೆ? ರೊಟ್ಟಿ ಇರಲಿ, ಕುಡಗೋಲು ಇರಲಿ, ಪಾಟಿ ಇರಲಿ, ತಟ್ಟನೆ ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಯಂಕಪ್ಪನೂ ಅದನ್ನೇ ಮಾಡಿದ. ಭಕ್ತಿಯಿಂದ ಎತ್ತಿ, ಕಣ್ಣಿಗೆ ಒತ್ತಿ, ಅದೇ ಭಕ್ತಿಯಿಂದ ಕಾರಿನ ಬಾಗಿಲ ಮೇಲೆ ಎಳೆದ. ಮಣ್ಣಿಗೆ ಅಂಟಿದ್ದ ಮುರುಮಿನ ಹರಳು ಈ ತುದಿಯಿಂದ ಆ ತುದಿಗೆ ಗೆರೆ ಕೊರೆಯಿತು.

ಮುಕ್ತಾರ ತಲೆ ಮೇಲೆ ಕೈ ಹೊತ್ತು ಕೂತ. "ಕಾಕಾ, ಕಣ್ಣಿಗೆ ಒತ್ತಿದ್ದು ಛಲೋನ ಆತು. ಆಮ್ಯಾಲ ಗಾಡಿಗೆ ಯಾಕ ಒತ್ತಿದಿ?"

ಗೆರೆ ಮಾಯವಾಗುವ ತನಕ ಇಬ್ಬರೂ ಪಾಲಿಶ್ ಉಜ್ಜಿದರು. ಸಂಗಣ್ಣನವರಿಗೆ ಇದು ಇಂದಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ. ಅಂದಿನಿಂದ ಯಂಕಪ್ಪನಿಗೆ ಒಂದು ಮಾತು ಮಂತ್ರವಾಯಿತು. ಬಿದ್ದ ಮಣ್ಣು ತಿಪ್ಪೆಗೆ. ಎಷ್ಟೇ ಹೊಸದಿರಲಿ, ಬಿತ್ತೋ ಮುಗಿಯಿತು, ಎತ್ತಿ ಒಗೆಯಬೇಕು, ಕರುಣೆ ಇಲ್ಲ. ಕೇಳಿದವರಿಗೂ ಕೇಳದವರಿಗೂ ಇದನ್ನು ಹೇಳುತ್ತಿದ್ದ. ಇಂಡಿ ತಾಲೂಕಿನ ಲಚ್ಯಾಣದಲ್ಲಿ ಸಾಲಿ ಕಲಿಸುವ ಮಗಳು ಸಾಕ್ಷಿ ಬೇಸಿಗೆ ರಜೆಗೆ ಬಂದಾಗ ಅವಳಿಗೂ ಈ ವಿದ್ಯೆ ಕಲಿಸಿದ. ಚೀಲ ತೊಟ್ಟು ಸವರುವುದು, ಮಡಚುವುದು, ಬಿದ್ದದ್ದನ್ನು ಒಗೆಯುವುದು. ಮಗಳು ಕಲಿಯುವುದರಲ್ಲಿ ಅವ್ವನ ಹಾಗೆ ಚುರುಕು.

ಆದರೆ ಊರಿನ ಗಾಡಿಗಳ ಕೊಳೆಯನ್ನೆಲ್ಲ ಕಿತ್ತ ಈ ಮನುಷ್ಯ ತನ್ನ ಕ್ರೂಸರಿಗೆ ಮಾತ್ರ ಮಣ್ಣು ಮುಟ್ಟಿಸಲಿಲ್ಲ. ವಾರಕ್ಕೊಮ್ಮೆ ಬಕೆಟ್ಟು, ಅರಿವೆ ಹಿಡಿದು ತೊಳೆಯುತ್ತಿದ್ದ, ಬಾನೆಟ್ಟಿನ ನಡುವಿನ ಬೆರಳಗಲ ಜಾಗ ಬಿಟ್ಟು. ವಿಭೂತಿ ಮೊದಲ ಮಳೆಗೇ ಹೋಗಿತ್ತು. ಕುಂಕುಮ ಬಿಸಿಲಿಗೆ ಕಂದಿ ಕಗ್ಗಂದು ಬಣ್ಣಕ್ಕೆ ತಿರುಗಿತ್ತು. ಗೊತ್ತಿಲ್ಲದವರಿಗೆ ಅದೊಂದು ಕಲೆ, ಅಷ್ಟೇ.

"ಕಾಕಾ, ಊರ ಗಾಡಿಗೆಲ್ಲ ಮಣ್ಣ ಹಚ್ಚತಿ, ನಿನ್ನ ಗಾಡಿ ಕಲಿ ಯಾಕ ತಗಿವೊಲ್ಲಿ?" ಎಂದು ಮುಕ್ತಾರ ಕೆಣಕುತ್ತಿದ್ದ.

"ತುಕ್ಕಪಾ ಅದು. ಮುಟ್ಟಿದ್ರ ಬಣ್ಣಾನ ಕಿತ್ತ ಬರತೈತಿ."

ಮೀಸೆ ಹೊತ್ತ ಗಂಡಸು, ಸತ್ತ ಹೆಂಡತಿಯ ಬೆರಳಿನ ಗುರುತು ಕಾಯುತ್ತ ಕೂತಿದ್ದೇನೆ ಎಂದು ವಾಶಿಂಗ್ ಸೆಂಟರಿನಲ್ಲಿ ನಿಂತು ಹೇಗೆ ಹೇಳಿಯಾನು? ಒಮ್ಮೆ ಬಾಯಿಗೆ ಬಂದ ಸುಳ್ಳು ಅಲ್ಲೇ ನೆಲೆ ನಿಂತಿತು. ಸಾಕ್ಷಿ ಕೇಳಿದಾಗಲೂ ಅದೇ ಉತ್ತರ. "ತುಕ್ಕು, ಯವ್ವಾ." ದಿನಾ ಬೆಳಗ್ಗೆ ಎದ್ದವನೇ ಹಲ್ಲುಕಡ್ಡಿ ಕಚ್ಚಿಕೊಂಡು ಗಾಡಿಯ ಮುಂದೆ ಬಂದು ನಿಲ್ಲುತ್ತಿದ್ದ. ಆ ಗುರುತನ್ನು ನೋಡಿದ ಮೇಲೇ ಅವನಿಗೆ ದಿನ ಶುರುವಾಗುತ್ತಿತ್ತು.

ಈ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಆದಿತ್ಯವಾರ ಬಿತ್ತು. ಸಾಕ್ಷಿ ಹಿಂದಿನ ಸಂಜೆಯೇ ಲಚ್ಯಾಣದಿಂದ ಬಂದಳು. ಬೆಳಗ್ಗೆ ಯಂಕಪ್ಪ ಡೋಣಿಯ ಮಣ್ಣು ತರಲು ತಾಳಿಕೋಟೆಗೆ ಹೊರಟ. ಒಬ್ಬನಿಗಾಗಿ ಅಷ್ಟು ದೊಡ್ಡ ಗಾಡಿ ಯಾಕೆ ಎಂದು ಬಸ್ಸು ಹತ್ತಿದ. ಅದೇ ರಸ್ತೆ, ಅದೇ ಜಾಲಿಕಂಟಿ. ಕಿಟಕಿಯ ಹತ್ತಿರ ಕೂತು, ಯಾರೂ ಕೈ ಮಾಡದ ನಿಲ್ದಾಣಗಳನ್ನು ನೋಡುತ್ತ ಹೋದ. ದಂಡೆಯ ಮಣ್ಣು ತೆಗೆದು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡ. ಬರುವಾಗ ಬಸ್ಸಿನಲ್ಲಿ ಸೀಟು ಸಿಗದೆ, ಗಂಟನ್ನು ಎದೆಗವಚಿ ನಿಂತೇ ಬಂದ.

ಮನೆಯ ಮುಂದೆ ಬಂದಾಗ ಅವನಿಗೆ ತನ್ನ ಗಾಡಿಯ ಗುರುತೇ ಹತ್ತಲಿಲ್ಲ. ಬೇವಿನ ಎಲೆಗಳ ನೆರಳು ಬಾನೆಟ್ಟಿನ ಮೇಲೆ ನೀರಿನಲ್ಲಿ ಬಿದ್ದಂತೆ ಆಡುತ್ತಿತ್ತು. ಸಾಕ್ಷಿ ಸೆರಗು ಸಿಕ್ಕಿಸಿಕೊಂಡು, ಮೊಣಕೈತನಕ ಸಾಬೂನಿನ ನೊರೆ ಮಾಡಿಕೊಂಡು, ನಗುನಗುತ್ತ ನಿಂತಿದ್ದಳು.

"ಹೆಂಗೈತಿ ಅಪ್ಪಾ? ಎಲ್ಲಾರ ಗಾಡಿ ನೀ ಮಾಡತಿ, ನಿನ್ನ ಗಾಡಿ ಯಾರ ಮಾಡಬೇಕು? ನೀ ತಾಳಿಕೋಟಿಗೆ ಹೋದಾಗ ಮಾಡಿ ಇಟ್ಟಬಿಡೂಣು ಅಂತ ನಿನ್ನೇನ ಠರಾಯಿಸಿ, ಮುಕ್ತಾರಣ್ಣನ ಹಂತೇಕ ಮಣ್ಣ ಇಸ್ಕೊಂಡಿದ್ದೆ."

ಯಂಕಪ್ಪ ಮಣ್ಣಿನ ಗಂಟನ್ನು ಕಟ್ಟೆಯ ಮೇಲಿಟ್ಟು ಗಾಡಿಯ ಮುಂದೆ ಹೋದ. ಬಾನೆಟ್ಟಿನ ನಡುವೆ ಕೈ ಇಟ್ಟ. ಬೆಣ್ಣೆ ಸವರಿದ ಹಾಗೆ ನುಣುಪು. ಇಷ್ಟು ದಿನ ಊರಿಗೆಲ್ಲ ನುಣುಪು ಮಾಡಿಕೊಟ್ಟವನಿಗೆ ಮೊದಲ ಸಲ ನುಣುಪು ಬೇಡವಾಯಿತು. ಇಲ್ಲೇ ಇರಬೇಕು, ಇಲ್ಲೇ ಎಲ್ಲೋ ಇರಬೇಕು ಎಂದು ಅವನ ಕೈ ಅತ್ತಿತ್ತ ಹುಡುಕಿತು.

"ತುಕ್ಕ ಹುಡಕತಿ ಏನ? ನೀ ಸುಮ್ಸುಮ್ನ ಅಂಜತಿದ್ದಿ. ಮಣ್ಣ ಕಬ್ಬಣದ ಕಣಾ ಕೀಳತೈತಿ ಅಂತ ನೀನ ಕಲಿಸಿದಾಂವ. ಗಟ್ಟಿ ಕುಂತಿತ್ತು ಖರೆ, ಮ್ಯಾಲಿಂದ ಮ್ಯಾಲ ಜಾರಿಸಿದೆ, ಎದ್ದ ಬಂತು. ನೋಡ, ಬಣ್ಣಕ್ಕ ಏನೂ ಆಗಿಲ್ಲ."

"ಅದು ತುಕ್ಕಲ್ಲ, ಸಾಕ್ಷಿ."

"ಮತ್ತೇನ?"

ಯಂಕಪ್ಪ ಬಾನೆಟ್ಟಿನಿಂದ ಕೈ ತೆಗೆದ. "ನಿಮ್ಮವ್ವ ಹಚ್ಚಿದ ಕುಂಕುಮ ಅದು. ಕಡೀಕ ಎಳ್ಳಮಾಸಿಗೆ ಗ್ವಾಡಿ ಹಿಡಕೊಂಡ ಬಂದ ಹಚ್ಚಿ ಹೋಗಿದ್ಲು."

ಸಾಕ್ಷಿಯ ನಗು ಮುಖದ ಮೇಲೇ ಆರಿತು. ಓದು, ನೌಕರಿ ಎಂದು ಹೊರಗೇ ಇದ್ದ ಅವಳು ಹಬ್ಬಗಳಲ್ಲಿ ಅವ್ವ ಕುಂಕುಮ ಹಚ್ಚುವುದನ್ನು ಕಂಡವಳೇ. ಆದರೆ ಆ ಕೆಂಪು ಕುಂಕುಮ ಈ ಕಂದು ಕಲೆಯಾಗಿ ಉಳಿದಿದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಹೊಳೆಯದಂತೆ ಮಾಡಿದವನು ಅಪ್ಪನೇ.

"ನನಗ ಯಾಕ ಹೇಳಲಿಲ್ಲಪ್ಪಾ?" ಎಂದು ಅವಳು ಅಳತೊಡಗಿದಳು. "ತುಕ್ಕ ಅಂತ ಯಾಕ ಹೇಳಿದಿ?"

"ಖರೇ ಹೇಳಾಕ ಹ್ವಾದ್ರ ಅಳು ಬರತಿತ್ತು, ಯವ್ವಾ. ಅದಕ್ಕ ಹೇಳಲಿಲ್ಲ."

ಮಗಳ ಮೇಲೆ ಸಿಟ್ಟು ಮಾಡೋಣವೆಂದರೆ ಅವಳು ಮಾಡಿದ್ದೆಲ್ಲ ಪ್ರೀತಿಯಿಂದ, ಅದೂ ಅವನೇ ಹೇಳಿಕೊಟ್ಟ ಹಾಗೆ. ಸಿಟ್ಟೆಲ್ಲ ಅವನ ಮೇಲೇ ತಿರುಗಿ ಬಂತು. ಕಟ್ಟೆಯ ಮೇಲೆ ಕುಸಿದು ಕೂತ. ಆ ಕುಂಕುಮದ ಜೊತೆಗೆ ಸಾವಂತ್ರವ್ವ ಇನ್ನೊಮ್ಮೆ ಮನೆಯಿಂದ ಹೋದಳು ಅನ್ನಿಸಿತು. ಮೊದಲ ಸಲ ನಾಲ್ಕು ಜನ ಹೊತ್ತುಕೊಂಡು ಹೋಗಿದ್ದರು. ಈ ಸಲ ಯಾರಿಗೂ ಗೊತ್ತೇ ಆಗಲಿಲ್ಲ.

ಕೂತವನು ತಟ್ಟನೆ ತಲೆ ಎತ್ತಿದ. ಕಿತ್ತ ಕೊಳೆ ಎಲ್ಲಿಗೂ ಹೋಗುವುದಿಲ್ಲ, ಮಣ್ಣಿನಲ್ಲೇ ಇರುತ್ತದೆ. ಇದನ್ನು ಅವನು ಎಷ್ಟು ಜನರಿಗೆ ತೋರಿಸಿಲ್ಲ!

"ಆ ಮಣ್ಣ ಎಲ್ಲೈತಿ?"

ಸಾಕ್ಷಿ ಬಿಕ್ಕುತ್ತಲೇ ಹೇಳಿದಳು. "ಅಲ್ಲಿ ಉಜ್ಜಿ, ತಿರುವಿ ನೋಡಬೇಕಂದ್ರ ಕೈ ಜಾರಿ ಕೆಳಗ ಬಿತ್ತು. ಬಿದ್ದ ಮಣ್ಣ ಗಾಡಿಗೆ ಹಚ್ಚಬಾರದಂತ ನೀನ ಹೇಳಿಯಲ್ಲ. ತಿಪ್ಪಿಗೆ ಒಗದೆ. ಬ್ಯಾರೆ ತುಂಡ ತಗೊಂಡ ಉಳದದ್ದ ಮಾಡಿದೆ."

ಯಂಕಪ್ಪ ಮನೆಯ ಹಿಂದಕ್ಕೆ ಓಡಿದ. ಮೊಣಕಾಲು ನೋವಿನ ಮನುಷ್ಯ ಓಡಿದ್ದನ್ನು ಪಕ್ಕದ ಮನೆಯವರು ಬೆರಗಾಗಿ ನೋಡಿದರು. ತಿಪ್ಪೆಯ ಮೇಲೆ ಬೂದಿ, ಉಳ್ಳಾಗಡ್ಡಿ ಸಿಪ್ಪೆ, ಕಸಬರಿಗೆಯ ಕಡ್ಡಿ. ಒಂದು ಹೇಂಟೆ ಏನನ್ನೋ ಕುಕ್ಕುತ್ತಿತ್ತು. ಅದನ್ನು ಹುಶ್ ಎಂದು ಓಡಿಸಿ ಬಗ್ಗಿ ನೋಡಿದ. ನೀಲಿ ಮಣ್ಣು. ಬಿದ್ದ ಕೂಡಲೇ ಒಗೆದದ್ದರಿಂದ ಅದನ್ನು ಯಾರೂ ಮಡಚಿರಲಿಲ್ಲ. ಅಂಚಿಗೆಲ್ಲ ಬೂದಿ, ಹೊಟ್ಟು ಮೆತ್ತಿತ್ತು. ಒಂದು ಮುಖದ ಮೇಲೆ ಮಾತ್ರ ಬೆರಳಗಲ ಕುಂಕುಮ. ಮೇಲಿನ ಕಂದಿದ ಪದರು ಒಡೆದು ಒಳಗಿನದು ಹೊರಗೆ ಬಂದಿತ್ತು. ಬಿಸಿಲು ಕಾಣದೆ ಅಡಿಯಲ್ಲಿ ಉಳಿದ ಹಳೆಯ ಅಮಾವಾಸ್ಯೆಗಳ ಕೆಂಪು ಅದು, ಇವತ್ತು ಬೆಳಗ್ಗೆ ಹಚ್ಚಿದ ಹಾಗೆ.

ಬಿದ್ದ ಮಣ್ಣು ತಿಪ್ಪೆಗೆ ಎಂದು ಊರಿಗೆಲ್ಲ ಸಾರಿದವನು, ತಿಪ್ಪೆಯಿಂದಲೇ ಅದನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡ. ಅಳು ಬಂತು, ಬಂದಷ್ಟೂ ಅತ್ತ.

ಹೊತ್ತು ಏರಿತ್ತು, ಹಬ್ಬ ಕಾಯುತ್ತಿತ್ತು. ಸಾಕ್ಷಿ ಮುಖ ತೊಳೆದುಕೊಂಡು ಬಂದು, ಅವ್ವ ಕೂರುತ್ತಿದ್ದ ಜಾಗದಲ್ಲೇ ಚಕ್ಕಲಮಕ್ಕಲ ಹಾಕಿ ಕೂತಳು. ಡೋಣಿಯ ಕರಿಮಣ್ಣು ನಾದಿ ಜಗಲಿಯ ಜೋಡಿ ಮಾಡಿ ಮುಗಿಸಿದಳು. ಗಾಡಿಯ ಪುಟ್ಟ ಜೋಡಿಯಲ್ಲಿ ಒಂದೆತ್ತು ಆದ ಮೇಲೆ ಅವಳ ಕೈ ನಿಂತಿತು.

"ಅಪ್ಪಾ, ಅದನ್ನ ಕೊಡ ಇಲ್ಲಿ."

ಯಂಕಪ್ಪ ಕಡ್ಡಿ, ಹೊಟ್ಟು ಆರಿಸಿ ನೀಲಿ ಮುದ್ದೆಯನ್ನು ಅವಳ ಅಂಗೈಯಲ್ಲಿಟ್ಟ. "ನಾದಬ್ಯಾಡ ಯವ್ವಾ. ನಾದಿದ್ರ ಒಳಗ ಹೋಗಿಬಿಡತೈತಿ."

"ಗೊತ್ತೈತಿ" ಎಂದಳು ಅವಳು. ಕೆಂಪಿರುವ ಕಡೆ ಬೆರಳು ತಾಗದ ಹಾಗೆ, ಅಂಚಿನಿಂದಲೇ ಎಳೆದು ಎಳೆದು ಕಾಲು ಮಾಡಿದಳು, ಡುಬ್ಬ ಮಾಡಿದಳು, ಕೆಂಪು ಹಣೆಯ ಮೇಲೆ ಬರುವಂತೆ ತಲೆ ತಿದ್ದಿದಳು. ಕೋಡು ಇಂದಿಗೂ ಒಂದು ಮೇಲೆ, ಒಂದು ಕೆಳಗೆ. ಜೋಳದ ಕಾಳಿನ ಕಣ್ಣು ಇಟ್ಟಳು. ಒಂದು ಕರಿ, ಒಂದು ನೀಲಿ, ಇಂಥ ಬೇಜೋಡಿ ಎತ್ತು ಯಾವ ಸಂತೆಯಲ್ಲೂ ಸಿಕ್ಕುವುದಿಲ್ಲ.

ಜಗಲಿಯ ಪೂಜೆ ಮುಗಿಸಿ ಅಪ್ಪ ಮಗಳು ಗಾಡಿಗೆ ಬಂದರು. ಡ್ಯಾಶ್‌ಬೋರ್ಡಿನ ಮೇಲೆ ಜೋಡಿಯನ್ನು ನಿಲ್ಲಿಸಿದರು. ಯಂಕಪ್ಪ ಬಟ್ಟಲಲ್ಲಿ ಕುಂಕುಮಕ್ಕೆ ಕುಸುಬಿ ಎಣ್ಣೆ ಹನಿಸಿ ಕಲಸಿ ಹಿಡಿದ. ಸಾಕ್ಷಿ ಉಂಗುರ ಬೆರಳು ಅದ್ದಿ ಮೊದಲು ಬಾನೆಟ್ಟಿನ ನಡುವೆ ಹಚ್ಚಿದಳು, ಆಮೇಲೆ ಒಳಗೆ ಬಗ್ಗಿ ಕರಿ ಎತ್ತಿನ ಹಣೆಗೆ ಹಚ್ಚಿದಳು. ಯಂಕಪ್ಪ ಬಟ್ಟಲನ್ನು ನೀಲಿ ಎತ್ತಿನ ಕಡೆ ಸರಿಸಿದ. ಸಾಕ್ಷಿ ಬೆರಳು ಹಿಂದಕ್ಕೆ ತಗೊಂಡಳು.

"ಇದಕ್ಕ ಬ್ಯಾಡಪ್ಪಾ. ಇದಕ್ಕ ಅವ್ವ ಹಚ್ಯಾಳ."